ವಿಡಿಯೋ ಪ್ಲೇ ಆಗುತ್ತಿಲ್ಲವೇ? ಕೋಡ್ ಮುಟ್ಟುವ ಮೊದಲು ಫೈಲ್ ಬಿಚ್ಚಿ ನೋಡಿ

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಮೂರು ಜನ ಸೇರಿ ಒಂದು ಸೈಟ್ ಮಾಡಿದ್ದೇವೆ. ಮೇಷ್ಟ್ರುಗಳು ಬ್ರೌಸರ್‌ನಲ್ಲೇ ಕ್ಯಾಮೆರಾ ಆನ್ ಮಾಡಿ ಪಾಠ ರೆಕಾರ್ಡ್ ಮಾಡುತ್ತಾರೆ, ಮಕ್ಕಳು ಆಮೇಲೆ ನೋಡುತ್ತಾರೆ. ಒಂದು ಆಂಡ್ರಾಯ್ಡ್ ಆ್ಯಪ್ ಕೂಡ ಇದೆ. ತೊಂದರೆ ಒಂದೆರಡಲ್ಲ. ಕ್ರೋಮ್‌ನಲ್ಲಿ ರೆಕಾರ್ಡ್ ಆದದ್ದಕ್ಕೆ ಒಟ್ಟು ಸಮಯ ತೋರಿಸುವುದಿಲ್ಲ, ಮುಂದಕ್ಕೆ ಎಳೆದರೆ ಹೋಗುವುದಿಲ್ಲ. ಐಫೋನ್‌ನಲ್ಲಿ ಕೆಲವು ಪ್ಲೇ ಆಗುವುದೇ ಇಲ್ಲ. ಉದ್ದದ ಪಾಠಗಳಲ್ಲಿ ಮಾತು ಒಂದು ಕಡೆ, ತುಟಿ ಇನ್ನೊಂದು ಕಡೆ. ಸರ್ವರ್‌ನಲ್ಲಿ ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆ ಲೈಬ್ರರಿ ಬಳಸಿ ಥಂಬ್‌ನೇಲ್ ತೆಗೆದರೆ ಕೆಲವು ಹಸಿರು, ಕೆಲವು ಬೂದು. ಆ್ಯಪ್ ಮಧ್ಯದಲ್ಲಿ ನಿಂತರೆ ಫೈಲೇ ತೆರೆಯುವುದಿಲ್ಲ. ಕೋಡೆಕ್, ಅಂದರೆ ವಿಡಿಯೋ ಕುಗ್ಗಿಸಿ ಬರೆಯುವ ವಿಧಾನ, ಬದಲಾಯಿಸಿ ಎವಿ1ಗೆ ಹೋದರೆ ಇದೆಲ್ಲ ಸರಿಯಾಗುತ್ತದಾ ಸರ್?

ಉತ್ತರ: ಇಲ್ಲ, ಆಗುವುದಿಲ್ಲ. ಈಗಿರುವ ತೊಂದರೆಗಳು ಹಾಗೇ ಇರುತ್ತವೆ. ಅವುಗಳ ಮೇಲೆ ಎನ್‌ಕೋಡ್ ಆಗಲು ಜಾಸ್ತಿ ಹೊತ್ತು ಹಿಡಿಯುವುದು, ಹಳೆ ಫೋನ್‌ಗಳಲ್ಲಿ ತಡವರಿಸುವುದು ಅಂತ ಇನ್ನೆರಡು ಸೇರಿಕೊಳ್ಳುತ್ತವೆ. ನೀವು ಬರೆದಿರುವುದು ಒಂದು ದೊಡ್ಡ ತೊಂದರೆ ಅಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಐದು ಸಣ್ಣ ತೊಂದರೆಗಳು. ಎಲ್ಲವನ್ನೂ 'ವಿಡಿಯೋ ಸರಿ ಇಲ್ಲ' ಅಂತ ಒಂದೇ ಟಿಕೆಟ್‌ನಲ್ಲಿ ಹಾಕಿ, ಕೋಡ್‌ನಲ್ಲಿ ಅಲ್ಲೊಂದು ಇಲ್ಲೊಂದು ಸೆಟ್ಟಿಂಗ್ ಬದಲಾಯಿಸುತ್ತಾ ಹೋದರೆ ಒಂದು ಸರಿಯಾದ ಹೊತ್ತಿಗೆ ಇನ್ನೊಂದು ಕೆಡುತ್ತದೆ, ಯಾವುದರಿಂದ ಏನಾಯಿತು ಅನ್ನುವುದೂ ಗೊತ್ತಾಗುವುದಿಲ್ಲ. ಹಾಗಾಗಿ ಕೋಡ್ ಆಮೇಲೆ. ಮೊದಲು ಕೆಟ್ಟಿರುವ ಫೈಲ್ ತೆಗೆದುಕೊಳ್ಳಿ, ಅದರೊಳಗೆ ನಿಜವಾಗಿ ಏನಿದೆ ಅಂತ ನೋಡಿ. ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ.

ಫೈಲ್ ಅಂದಾಗ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ವೆಬ್‌ಎಂ, ಎಂಪಿ4, ಎಂಕೆವಿ ಇವು ಕಂಟೇನರ್‌ಗಳು, ಅಂದರೆ ಚಿತ್ರ, ಶಬ್ದ ಒಟ್ಟಿಗೆ ತುಂಬಿಡುವ ಡಬ್ಬಗಳು. ವಿಪಿ8, ವಿಪಿ9, ಎಚ್.264, ಎಚ್‌ಇವಿಸಿ ಇವು ಒಳಗಿನ ಕೋಡೆಕ್‌ಗಳು. ಅಡುಗೆಮನೆ ಡಬ್ಬದ ಮೇಲೆ ಸಕ್ಕರೆ ಅಂತ ಚೀಟಿ ಅಂಟಿಸಿದ್ದರೂ ಒಳಗೆ ಉಪ್ಪು ಇರಬಹುದಲ್ಲ, ಹಾಗೇ ಫೈಲ್ ಹೆಸರಿನ ಕೊನೆಯಲ್ಲಿ ವೆಬ್‌ಎಂ ಅಂತ ಇದ್ದರೂ ಒಳಗೆ ಎಂಪಿ4 ಇರಬಹುದು. ಇದು ಸುಮ್ನೆ ಉದಾಹರಣೆಗೆ ಹೇಳಿದ್ದಲ್ಲ. ನಿಮ್ಮ ಐಫೋನ್ ತೊಂದರೆಯ ಅರ್ಧ ಭಾಗ ಇದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೋಡುವುದು ಹೇಗೆ? ಎರಡು ದಾರಿ ಇವೆ. ಮೊದಲನೆಯದು ತೀರಾ ಸರಳ. ಫೈಲ್‌ನ ಮೊದಲ ಹದಿನಾರು ಬೈಟ್‌ಗಳನ್ನು ಹೆಕ್ಸ್‌ನಲ್ಲಿ ತೆರೆಯಿರಿ. 1ಎ 45 ಡಿಎಫ್ ಎ3 ಅಂತ ಶುರುವಾದರೆ ಅದು ವೆಬ್‌ಎಂ ಅಥವಾ ಎಂಕೆವಿ. ಮೊದಲ ನಾಲ್ಕು ಬೈಟ್ ಬಿಟ್ಟು ಐದನೆಯದರಿಂದ 66 74 79 70 ಅಂತ, ಅಂದರೆ 'ಎಫ್‌ಟಿವೈಪಿ' ಅನ್ನುವ ನಾಲ್ಕು ಅಕ್ಷರ ಕಂಡರೆ ಎಂಪಿ4 ಕುಟುಂಬ. ಎರಡೂ ಅಲ್ಲದೆ ಏನೇನೋ ಇದ್ದರೆ ಫೈಲ್‌ನ ತಲೆಯೇ, ಅಂದರೆ ಹೆಡರ್, ಇಲ್ಲದಿರಬಹುದು. 'ಎಚ್‌ಟಿಎಂಎಲ್' ಅಂತ ಕಂಡರೆ ನಗಬೇಡಿ, ಸರ್ವರ್ ಕಳಿಸಿದ ಎರರ್ ಪೇಜನ್ನೇ ಯಾರೋ ವಿಡಿಯೋ ಅಂತ ಸೇವ್ ಮಾಡಿದ್ದಾರೆ. ಇದೂ ಆಗುತ್ತದೆ.

ಎರಡನೆಯದು ಎಫ್‌ಎಫ್‌ಪ್ರೋಬ್. ವಿಡಿಯೋ ಬದಲಾಯಿಸುವ ಉಚಿತ ಸಾಧನ ಎಫ್‌ಎಫ್‌ಎಂಪೆಗ್ ಜೊತೆಗೇ ಬರುತ್ತದೆ. ಕಂಟೇನರ್ ಯಾವುದು, ಒಳಗೆ ಎಷ್ಟು ಸ್ಟ್ರೀಮ್ (ಚಿತ್ರದ್ದು, ಶಬ್ದದ್ದು), ಪ್ರತಿಯೊಂದರ ಕೋಡೆಕ್, ಪಿಕ್ಸೆಲ್ ಫಾರ್ಮ್ಯಾಟ್, ಅವಧಿ, ಶುರುವಾಗುವ ಸಮಯ ಎಲ್ಲ ಬರೆದು ತೋರಿಸುತ್ತದೆ. ಅದರ ಜೊತೆಗೆ ಇನ್ನೊಂದು ಪರೀಕ್ಷೆ ರೂಢಿ ಮಾಡಿಕೊಳ್ಳಿ. ಎಫ್‌ಎಫ್‌ಎಂಪೆಗ್‌ಗೆ ಲಾಗ್ ಮಟ್ಟ 'ಎರರ್' ಅಂತ ಕೊಟ್ಟು, ಔಟ್‌ಪುಟ್ ಜಾಗದಲ್ಲಿ 'ನಲ್' ಫಾರ್ಮ್ಯಾಟ್ ಕೊಟ್ಟು ಓಡಿಸಿ. ಅದು ಇಡೀ ಫೈಲನ್ನು ಡೀಕೋಡ್ ಮಾಡುತ್ತದೆ, ಎಲ್ಲೂ ಬರೆಯುವುದಿಲ್ಲ, ಕೆಟ್ಟದ್ದು ಕಂಡಲ್ಲಿ ಮಾತ್ರ ಒಂದು ಸಾಲು ಹೇಳುತ್ತದೆ. ಒಂದೂ ಸಾಲು ಬರದಿದ್ದರೆ ಡೀಕೋಡಿಂಗ್ ಮಟ್ಟಿಗೆ ಫೈಲ್ ಬಹುತೇಕ ಸರಿ ಇದೆ, ತೊಂದರೆ ಪ್ಲೇಯರ್‌ನಲ್ಲೋ ಸರ್ವರ್‌ನಲ್ಲೋ ಇದೆ ಅಂತ ಆ ಕಡೆ ಹೋಗಬಹುದು.

ಇಲ್ಲೊಂದು ಮಾತು. ಮೇಷ್ಟ್ರುಗಳಿಂದ ಕೆಟ್ಟ ಫೈಲ್ ತರಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಅಂತ ಕಳಿಸಲು ಹೇಳಬೇಡಿ. ವಾಟ್ಸ್‌ಆ್ಯಪ್ ಅದನ್ನು ಮತ್ತೆ ಎನ್‌ಕೋಡ್ ಮಾಡಿ ಚಿಕ್ಕದಾಗಿಸಿ ಕಳಿಸುತ್ತದೆ. ನಿಮ್ಮ ಕೈಗೆ ಬರುವುದು ಬೇರೆಯೇ ಫೈಲ್, ಅದು ಚೆನ್ನಾಗಿ ಪ್ಲೇ ಆಗುತ್ತದೆ. ಆಮೇಲೆ 'ನಮ್ಮಲ್ಲಿ ಸರಿ ಇದೆಯಲ್ಲ ಸಾರ್' ಅಂತ ನೀವು, 'ಇಲ್ಲಿ ಆಗ್ತಿಲ್ಲಪ್ಪ' ಅಂತ ಅವರು, ಒಂದು ವಾರ ಹೀಗೇ ಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಆಗ ಬೈಟ್ ಬದಲಾಗುವುದಿಲ್ಲ.

ಈಗ ಒಂದೊಂದಾಗಿ ಬರೋಣ. ಮೊದಲು ಕ್ರೋಮ್ ರೆಕಾರ್ಡಿಂಗ್. ಎಫ್‌ಎಫ್‌ಪ್ರೋಬ್‌ನಲ್ಲಿ ಹಾಕಿದರೆ ಅವಧಿ ಇರಬೇಕಾದಲ್ಲಿ 'ಎನ್/ಎ' ಅಂತ ಕಾಣುತ್ತದೆ. ಇದು ನಿಮ್ಮ ಬಗ್ ಅಲ್ಲ. ಬ್ರೌಸರ್‌ನ ಮೀಡಿಯಾರೆಕಾರ್ಡರ್ ಚೂರು ಚೂರಾಗಿ ಡೇಟಾ ಹೊರಗೆ ಕೊಡುತ್ತಾ ಹೋಗುತ್ತದೆ. ಅವಧಿಯನ್ನು ಬರೆಯಬೇಕಾದ ಜಾಗ ಇರುವುದು ಫೈಲ್‌ನ ತಲೆಯಲ್ಲಿ. ಆ ತಲೆ ಮೊದಲ ಚೂರಿನಲ್ಲೇ ಹೊರಗೆ ಹೋಗಿರುತ್ತದೆ. ರೆಕಾರ್ಡಿಂಗ್ ನಿಲ್ಲುವ ಹೊತ್ತಿಗೆ ಹಿಂದಕ್ಕೆ ಹೋಗಿ ಬರೆಯಲು ಆಗುವುದಿಲ್ಲ. ಯಾವ ಸಮಯಕ್ಕೆ ಫೈಲ್‌ನಲ್ಲಿ ಎಲ್ಲಿಗೆ ಹಾರಬೇಕು ಅಂತ ಹೇಳುವ ಸೂಚಿಯೂ ಅದೇ ಕಾರಣಕ್ಕೆ ಇರುವುದಿಲ್ಲ. ಹಾಗಾಗಿ ಒಟ್ಟು ಸಮಯ ಕೇಳಿದರೆ ಜಾವಾಸ್ಕ್ರಿಪ್ಟ್ 'ಇನ್ಫಿನಿಟಿ' ಅನ್ನುತ್ತದೆ, ಎಳೆದರೆ ಹೋಗುವುದಿಲ್ಲ.

ರೆಕಾರ್ಡ್ ಆದ ತಕ್ಷಣ ಅದೇ ಪೇಜಿನಲ್ಲಿ ಒಮ್ಮೆ ನೋಡಲು ಬಿಡಬೇಕು ಅಂದರೆ ಒಂದು ಹಳೆ ಉಪಾಯ ಇದೆ. ವಿಡಿಯೋದ ಕರೆಂಟ್‌ಟೈಮ್‌ಗೆ ಅಸಾಧ್ಯ ಅನ್ನುವಷ್ಟು ದೊಡ್ಡ ಸಂಖ್ಯೆ ಕೊಡಿ. ಬ್ರೌಸರ್ ಕೊನೆಯ ತನಕ ಓದಿ ನಿಜವಾದ ಅವಧಿ ಕಂಡುಕೊಳ್ಳುತ್ತದೆ. ಅವಧಿ ಬದಲಾದ ಈವೆಂಟ್ ಬಂದಾಗ ಮತ್ತೆ ಸೊನ್ನೆಗೆ ತನ್ನಿ. ನೋಡಲು ಚೆಂದ ಇಲ್ಲ, ಕೆಲಸ ಮಾಡುತ್ತದೆ. ಆದರೆ ಮಕ್ಕಳು ನೋಡುವ ಫೈಲ್‌ಗೆ ಇದು ಸಾಲದು. ಸರ್ವರ್‌ಗೆ ಬಂದ ಮೇಲೆ ಎಫ್‌ಎಫ್‌ಎಂಪೆಗ್‌ನಲ್ಲಿ ಕೋಡೆಕ್ ಜಾಗಕ್ಕೆ 'ಕಾಪಿ' ಅಂತ ಕೊಟ್ಟು ಹೊಸ ಫೈಲ್ ಮಾಡಿ. ಒಳಗಿನ ಚಿತ್ರ, ಶಬ್ದ ಮುಟ್ಟದೆ ಕಂಟೇನರ್ ಮಾತ್ರ ಹೊಸದಾಗಿ ಕಟ್ಟುತ್ತದೆ. ಅವಧಿ ಮತ್ತು ಸೂಚಿ ಎರಡೂ ಬರುತ್ತವೆ. ಮರು ಎನ್‌ಕೋಡ್ ಇಲ್ಲದ ಕಾರಣ ಒಂದು ಗಂಟೆಯ ಪಾಠಕ್ಕೂ ಕೆಲವು ಸೆಕೆಂಡ್ ಸಾಕು.

ಚೂರುಗಳ ವಿಷಯ ಬಂದಿದ್ದಕ್ಕೆ ಇನ್ನೊಂದನ್ನೂ ಕೇಳಿಬಿಡುತ್ತೇನೆ. ನೀವು ರೆಕಾರ್ಡ್ ಆಗುತ್ತಿರುವಾಗಲೇ ಅಪ್‌ಲೋಡ್ ಮಾಡುತ್ತಿದ್ದೀರಾ? ಹಾಗಿದ್ದರೆ ನೆನಪಿಡಿ, ಎರಡನೇ ಚೂರು ತಾನೇ ಒಂದು ವಿಡಿಯೋ ಅಲ್ಲ. ತಲೆ ಇರುವುದು ಮೊದಲನೆಯದರಲ್ಲಿ ಮಾತ್ರ. ಚೂರುಗಳನ್ನು ಬಂದ ಕ್ರಮದಲ್ಲಿ ಜೋಡಿಸಿದರೂ ಸಾಲದು, ಹುಟ್ಟಿದ ಕ್ರಮದಲ್ಲೇ ಜೋಡಿಸಬೇಕು. ಹಳ್ಳಿಯ ಕಡೆ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗ ಆರನೇ ಚೂರು ಮರುಪ್ರಯತ್ನಕ್ಕೆ ನಿಂತಿರುತ್ತದೆ, ಏಳನೆಯದು ಮೊದಲೇ ಬಂದು ಕೂತಿರುತ್ತದೆ. ಪ್ರತಿ ಚೂರಿಗೂ ಕ್ರಮಸಂಖ್ಯೆ ಕೊಡಿ, ಎಲ್ಲ ಸಂಖ್ಯೆ ಬಂದ ಮೇಲೇ ಜೋಡಿಸಿ. ಸರ್ವರ್ ಮುಂದೆ ಎನ್‌ಜಿನ್ಎಕ್ಸ್ ಅನ್ನುವ ವೆಬ್ ಸರ್ವರ್ ಇದ್ದರೆ, ಒಂದು ಸಲಕ್ಕೆ ಎಷ್ಟು ಡೇಟಾ ಒಪ್ಪುತ್ತದೆ ಅನ್ನುವ ಅದರ ಬಾಡಿ ಸೈಜ್ ಮಿತಿಯನ್ನೂ ನೋಡಿ. ನೀವು ಏನೂ ಬರೆಯದಿದ್ದರೆ ಅದು 1 ಎಂಬಿ. ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಮೂರೂವರೆ ಸೆಕೆಂಡಿನೊಳಗೇ ಅಷ್ಟು ತುಂಬುತ್ತದೆ. ಐದು ಸೆಕೆಂಡಿನ ಚೂರು ಕಳಿಸಿದರೆ 413, ಅಂದರೆ 'ಕಳಿಸಿದ್ದು ತೀರಾ ದೊಡ್ಡದು', ಅಂತ ವಾಪಸ್ ಬರುತ್ತದೆ, ನಿಮ್ಮ ಜಾವಾಸ್ಕ್ರಿಪ್ಟ್ ಆ ಉತ್ತರವನ್ನು ನೋಡದಿದ್ದರೆ ಚೂರು ಸದ್ದಿಲ್ಲದೆ ಕಳೆದುಹೋಗುತ್ತದೆ. ಚಿತ್ರ ಕಡಿಮೆ ಬದಲಾಗುವ ಪಾಠದಲ್ಲಿ ಚೂರು ಚಿಕ್ಕದಾಗಿ ದಾಟಿಹೋಗುತ್ತದೆ, ಮೇಷ್ಟ್ರು ಜಾಸ್ತಿ ಓಡಾಡಿದ ಪಾಠದಲ್ಲಿ ಸಿಕ್ಕಿಬೀಳುತ್ತದೆ. 'ಕೆಲವರಿಗೆ ಮಾತ್ರ ಆಗುತ್ತಿದೆ' ಅನ್ನುವ ದೂರು ಹುಟ್ಟುವುದು ಹೀಗೆ.

ಐಫೋನ್‌ಗೆ ಬರೋಣ. ಇಲ್ಲಿ ಮೂರು ಬೇರೆ ಬೇರೆ ಕಾರಣ ಒಂದೇ ಮುಖವಾಡ ಹಾಕಿಕೊಂಡು ಬರುತ್ತವೆ.

ಒಂದು, ಈ ಡಬ್ಬದ ಚೀಟಿ. ಸಫಾರಿಗೆ ಮೀಡಿಯಾರೆಕಾರ್ಡರ್ ಬಂದದ್ದು 2021ರಲ್ಲಿ. ಅದು ರೆಕಾರ್ಡ್ ಮಾಡುತ್ತಿದ್ದುದು ಎಂಪಿ4, ಒಳಗೆ ಚಿತ್ರಕ್ಕೆ ಎಚ್.264, ಶಬ್ದಕ್ಕೆ ಎಎಸಿ. ಆದರೆ ನಮ್ಮ ಹೆಚ್ಚಿನ ಕೋಡ್ ಎಲ್ಲಿಂದಲೋ ಕಾಪಿ ಮಾಡಿದ್ದು, ಅದರಲ್ಲಿ ರೆಕಾರ್ಡ್ ಆದ ಡೇಟಾವನ್ನು ಒಂದು ಬ್ಲಾಬ್ ಆಗಿ ಕಟ್ಟುವಾಗ 'ವಿಡಿಯೋ/ವೆಬ್‌ಎಂ' ಅಂತ ಕೈಯಲ್ಲೇ ಬರೆದಿರುತ್ತದೆ. ಐಫೋನ್ ಇರುವ ಮೇಷ್ಟ್ರು ರೆಕಾರ್ಡ್ ಮಾಡಿದ ಎಂಪಿ4 ನಿಮ್ಮ ಸರ್ವರ್‌ನಲ್ಲಿ ವೆಬ್‌ಎಂ ಅನ್ನುವ ಹೆಸರಲ್ಲಿ ಕೂರುತ್ತದೆ, ಅದೇ ಹೆಸರಿನ ಕಂಟೆಂಟ್ ಟೈಪ್ ಹಾಕಿಕೊಂಡು ಹೊರಗೆ ಹೋಗುತ್ತದೆ. ಒಂದು ಪ್ಲೇಯರ್ ಒಳಗೆ ಇಣುಕಿ ನೋಡಿ ಸರಿಯಾಗಿ ಪ್ಲೇ ಮಾಡುತ್ತದೆ. ಇನ್ನೊಂದು ಚೀಟಿ ನಂಬಿ ಬೇಡ ಅನ್ನುತ್ತದೆ. ಪರಿಹಾರ ಎರಡು ಸಾಲು: ರೆಕಾರ್ಡರ್ ಶುರು ಮಾಡುವ ಮುನ್ನ ಯಾವ ಟೈಪ್ ಆಗುತ್ತದೆ ಅಂತ 'ಈಸ್‌ಟೈಪ್‌ಸಪೋರ್ಟೆಡ್' ಮೂಲಕ ಕೇಳಿ, ಆಮೇಲೆ ಬ್ಲಾಬ್‌ಗೆ ರೆಕಾರ್ಡರ್ ತಾನೇ ಹೇಳುವ ಮೈಮ್‌ಟೈಪ್ ಕೊಡಿ. ಊಹಿಸಬೇಡಿ.

ಎರಡು, ಕ್ರೋಮ್‌ನ ವೆಬ್‌ಎಂ ಹಳೆಯ ಐಫೋನ್‌ಗಳ ಸಫಾರಿಯಲ್ಲಿ ಪ್ಲೇ ಆಗುವುದಿಲ್ಲ. ಇಲ್ಲಿ ಮಾತ್ರ ಮರು ಎನ್‌ಕೋಡ್ ಬಿಟ್ಟು ದಾರಿ ಇಲ್ಲ. ಹೆಸರನ್ನು ಎಂಪಿ4 ಅಂತ ಬದಲಾಯಿಸಿದರೆ, ಇಲ್ಲವೇ 'ಕಾಪಿ' ಮಾಡಿ ವಿಪಿ9 ಚಿತ್ರ ಮತ್ತು ಓಪಸ್ ಶಬ್ದವನ್ನು ಹಾಗೇ ಎಂಪಿ4 ಒಳಗೆ ತುರುಕಿದರೆ ಕೆಲವು ಪ್ಲೇಯರ್ ಒಪ್ಪುತ್ತವೆ, ಆ ಹಳೆ ಫೋನ್‌ಗಳು ಒಪ್ಪುವುದಿಲ್ಲ.

ಮೂರನೆಯದು ಫೈಲ್‌ಗೆ ಸಂಬಂಧವೇ ಇಲ್ಲದ್ದು, ಮತ್ತು ಜಾಸ್ತಿ ಜನ ಇದರಲ್ಲೇ ಸಿಕ್ಕಿಕೊಳ್ಳುತ್ತಾರೆ. ಸಫಾರಿ ವಿಡಿಯೋ ಕೇಳುವಾಗ ಮೊದಲು ಇಡೀ ಫೈಲ್ ಕೇಳುವುದಿಲ್ಲ. 'ಸೊನ್ನೆಯಿಂದ ಒಂದರ ತನಕ ಕೊಡು' ಅಂತ ಎರಡೇ ಬೈಟ್ ಕೇಳಿ ಸರ್ವರನ್ನು ಪರೀಕ್ಷೆ ಮಾಡುತ್ತದೆ. ಸರ್ವರ್ 206, ಅಂದರೆ 'ಇದು ಒಂದು ಭಾಗ ಮಾತ್ರ', ಅಂತ ಉತ್ತರ ಕೊಟ್ಟು, ಕಂಟೆಂಟ್ ರೇಂಜ್ ಹೆಡರ್‌ನಲ್ಲಿ ಒಟ್ಟು ಉದ್ದ ಹೇಳಿ, ಎರಡು ಬೈಟ್ ಕೊಡಬೇಕು. ಬದಲಿಗೆ 200 ಅಂತ ಹೇಳಿ ಇಡೀ ಫೈಲ್ ಸುರಿದರೆ ಸಫಾರಿ ಪ್ಲೇ ಮಾಡಲು ಒಪ್ಪುವುದಿಲ್ಲ. ಕ್ರೋಮ್ ಇಷ್ಟು ಕಟ್ಟುನಿಟ್ಟಲ್ಲ, ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಎನ್‌ಜಿನ್ಎಕ್ಸ್ ನೇರವಾಗಿ ಫೈಲ್ ಕೊಟ್ಟರೆ ಈ ತೊಂದರೆ ಬರುವುದಿಲ್ಲ, ಅದಕ್ಕೆ ರೇಂಜ್, ಅಂದರೆ ಕೇಳಿದಷ್ಟೇ ಭಾಗ ಕೊಡುವುದು, ಗೊತ್ತು. ಲಾಗಿನ್ ಆದವರು ಮಾತ್ರ ನೋಡಲಿ ಅಂತ ಪೈಥಾನ್‌ನಲ್ಲೋ ನೋಡ್‌ನಲ್ಲೋ ಒಂದು ಫಂಕ್ಷನ್ ಬರೆದು, ಫೈಲ್ ಓದಿ ಓದಿ ಕಳಿಸುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ರೇಂಜ್ ಮರೆತಿರುತ್ತೀರಿ. ಕರ್ಲ್ ಅನ್ನುವ ಕಮಾಂಡ್‌ಲೈನ್ ಸಾಧನದಲ್ಲಿ ರೇಂಜ್ 0-1 ಕೊಟ್ಟು ಹೆಡರ್ ನೋಡಿ. ಅರ್ಧ ನಿಮಿಷದ ಕೆಲಸ.

ಇನ್ನು ಮೇಷ್ಟ್ರುಗಳು ಐಫೋನ್ ಕ್ಯಾಮೆರಾದಲ್ಲೇ ತೆಗೆದು ಅಪ್‌ಲೋಡ್ ಮಾಡುವುದೂ ಇದ್ದರೆ ಎಚ್‌ಇವಿಸಿ ಬರುತ್ತದೆ. 2017ರ ಐಒಎಸ್ 11ರಿಂದ ಐಫೋನ್ 7 ಮತ್ತು ನಂತರದ ಫೋನ್‌ಗಳಲ್ಲಿ ಅದೇ ಮಾಮೂಲಿ ಸೆಟ್ಟಿಂಗ್. ಹಾರ್ಡ್‌ವೇರ್ ನೆರವಿಲ್ಲದ ಕಂಪ್ಯೂಟರ್‌ಗಳಲ್ಲಿ ಕ್ರೋಮ್‌ಗೆ ಅದು ಆಗುವುದಿಲ್ಲ. ಶಬ್ದ ಬರುತ್ತದೆ, ಚಿತ್ರ ಕಪ್ಪು. 'ಆಡಿಯೋ ಮಾತ್ರ ಬರ್ತಿದೆ' ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ವಿಡಿಯೋ ಕೆಲವು ಕಡೆ ಅಡ್ಡ ಬೀಳುವುದೂ ಇದೆ. ಫೋನ್ ಚಿತ್ರವನ್ನು ತಿರುಗಿಸುವುದಿಲ್ಲ, 'ತೋರಿಸುವಾಗ 90 ಡಿಗ್ರಿ ತಿರುಗಿಸಿ' ಅಂತ ಒಂದು ಸೂಚನೆ ಬರೆದಿಡುತ್ತದೆ, ಅದನ್ನು ಓದದ ಪ್ರೋಗ್ರಾಂ ಅಡ್ಡವೇ ತೋರಿಸುತ್ತದೆ.

ಮಾತು ಮತ್ತು ತುಟಿ. ಇದರಲ್ಲಿ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ವ್ಯತ್ಯಾಸ ಮೊದಲಿನಿಂದ ಕೊನೆಯ ತನಕ ಒಂದೇ ಸಮ ಇದೆಯಾ, ಇಲ್ಲ ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತದಾ? ಕಣ್ಣಂದಾಜು ಬೇಡ. ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ, ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟರ್‌ನಲ್ಲಿ ಹಾಕಿದರೆ ಚಪ್ಪಾಳೆಯ ಶಬ್ದ ಅಲೆಯಲ್ಲಿ ಮೊಳೆಯಂತೆ ಎದ್ದು ಕಾಣುತ್ತದೆ, ಕೈಗಳು ಕೂಡಿದ ಫ್ರೇಮ್ ಯಾವುದು ಅಂತಲೂ ಕಾಣುತ್ತದೆ. ಎರಡೂ ಕಡೆ ಒಂದೇ ಅಂತರ ಇದ್ದರೆ ಅದು ಶುರುವಿನ ಸಮಯದ ತೊಂದರೆ. ಮೈಕ್ ಒಂದು ಹೊತ್ತಿಗೆ, ಕ್ಯಾಮೆರಾ ಇನ್ನೊಂದು ಹೊತ್ತಿಗೆ ಶುರುವಾಗಿದೆ. ಎಫ್‌ಎಫ್‌ಪ್ರೋಬ್‌ನಲ್ಲಿ ಎರಡು ಸ್ಟ್ರೀಮ್‌ಗಳ 'ಸ್ಟಾರ್ಟ್ ಟೈಮ್' ಹೋಲಿಸಿ.

ಬೆಳೆಯುತ್ತಾ ಹೋಗುವ ಅಂತರ ಇದ್ದರೆ, ನಿಮ್ಮ ವಿಷಯದಲ್ಲಿ ಅದೇ ಇರಬೇಕು, ಕಾರಣ ಫ್ರೇಮ್ ರೇಟ್ ಮೇಲಿನ ನಂಬಿಕೆ. ಬ್ರೌಸರ್ ಮತ್ತು ಫೋನ್ ರೆಕಾರ್ಡಿಂಗ್‌ಗಳಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್ ಅನ್ನುವ ನಿಯಮ ಇಲ್ಲ. ಬೆಳಕು ಚೆನ್ನಾಗಿದ್ದರೆ ವೆಬ್‌ಕ್ಯಾಮ್ 30 ಕೊಡುತ್ತದೆ. ಸಂಜೆ ಒಂದೇ ಟ್ಯೂಬ್‌ಲೈಟಿನಲ್ಲಿ ಕೂತರೆ ಪ್ರತಿ ಫ್ರೇಮ್‌ಗೂ ಜಾಸ್ತಿ ಹೊತ್ತು ಬೆಳಕು ಬೇಕು ಅಂತ 15ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ ಬಿಸಿಯಾದರೆ ನಡುವೆ ಇನ್ನಷ್ಟು ಬಿಟ್ಟುಹೋಗುತ್ತವೆ. ಹೀಗಾದರೂ ಫೈಲ್ ಸರಿಯೇ ಇರುತ್ತದೆ, ಯಾಕೆಂದರೆ ಪ್ರತಿ ಫ್ರೇಮ್‌ಗೂ ತನ್ನದೇ ಸಮಯದ ಮುದ್ರೆ ಇದೆ. ನಿಮ್ಮ ಕೋಡ್ ಆ ಮುದ್ರೆ ಬಿಟ್ಟು 'ಫ್ರೇಮ್ ಸಂಖ್ಯೆ ಭಾಗಿಸು 30' ಅಂತ ಲೆಕ್ಕ ಹಾಕಿದ ಕ್ಷಣ ಕೆಡುತ್ತದೆ. ತೀರಾ ಸಣ್ಣ ತಪ್ಪೂ ಸಾಕು: ನಿಜವಾಗಿ 29.97 ಇರುವುದನ್ನು 30 ಅಂದುಕೊಂಡರೆ ಒಂದು ಗಂಟೆಯ ಪಾಠದ ಕೊನೆಗೆ ಸುಮಾರು 3.6 ಸೆಕೆಂಡ್ ವ್ಯತ್ಯಾಸ. ಐದು ನಿಮಿಷದ ಪರೀಕ್ಷಾ ವಿಡಿಯೋದಲ್ಲಿ ಅದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಯಾರೂ ಗಮನಿಸುವುದಿಲ್ಲ. ಅದಕ್ಕೇ ಉದ್ದದ ಪಾಠಗಳಲ್ಲಿ ಮಾತ್ರ ದೂರು.

ಸರಿಪಡಿಸಲು ಸರ್ವರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ತನ್ನಿ. ಎಫ್‌ಎಫ್‌ಎಂಪೆಗ್‌ನಲ್ಲಿ 'ಎಫ್‌ಪಿಎಸ್ ಮೋಡ್' ಅನ್ನು 'ಸಿಎಫ್‌ಆರ್' ಮಾಡಿ, ಹಳೆ ಆವೃತ್ತಿಗಳಲ್ಲಿ ಇದೇ ಕೆಲಸಕ್ಕೆ 'ವಿಸಿಂಕ್' ಅಂತ ಇತ್ತು. ಜೊತೆಗೆ ರೇಟ್ 30 ಅಂತ ಬಾಯಿಬಿಟ್ಟು ಹೇಳಲೇಬೇಕು. ಕ್ರೋಮ್ ವೆಬ್‌ಎಂಗಳಲ್ಲಿ ಸಮಯವನ್ನು ಮಿಲಿಸೆಕೆಂಡ್‌ನಲ್ಲಿ ಬರೆದಿರುತ್ತದೆ, ಅದನ್ನು ನೋಡಿ ಎಫ್‌ಎಫ್‌ಎಂಪೆಗ್ ಇದು ಸೆಕೆಂಡಿಗೆ ಸಾವಿರ ಫ್ರೇಮ್‌ನ ವಿಡಿಯೋ ಅಂದುಕೊಳ್ಳಬಹುದು. ಎಫ್‌ಎಫ್‌ಪ್ರೋಬ್‌ನಲ್ಲಿ '1ಕೆ ಟಿಬಿಆರ್' ಅಂತ ಕಾಣುತ್ತದಲ್ಲ, ಅದೇ ಇದು. ನೀವು ರೇಟ್ ಹೇಳದಿದ್ದರೆ ಪ್ರತಿ ಫ್ರೇಮನ್ನೂ ಮೂವತ್ತು ಮೂವತ್ತು ಸಲ ನಕಲು ಮಾಡುತ್ತಾ ಕೂರುತ್ತದೆ. ಕನ್ವರ್ಷನ್ ಮುಗಿಯುತ್ತಲೇ ಇಲ್ಲ, ಲಾಗ್‌ನಲ್ಲಿ 'ಡಪ್' ಅನ್ನುವ ಸಂಖ್ಯೆ ಏರುತ್ತಲೇ ಇದೆ ಅಂದರೆ ಕಾರಣ ಇದು. ಶಬ್ದದ ಕಡೆ 'ಎರೀಸ್ಯಾಂಪಲ್' ಫಿಲ್ಟರ್‌ನಲ್ಲಿ 'ಅಸಿಂಕ್' 1 ಮಾಡಿ, ನಡುವಿನ ಖಾಲಿ ಜಾಗಗಳನ್ನು ಅದು ಮೌನದಿಂದ ತುಂಬುತ್ತದೆ.

ಒಂದು ವಿಶೇಷ ಸಂದರ್ಭ: ಕ್ಯಾಮೆರಾ ಚಿತ್ರದ ಮೇಲೆ ಹೆಸರು, ಲೋಗೋ ಹಾಕಲು ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಬರೆದು ಅದರಿಂದ ರೆಕಾರ್ಡ್ ಮಾಡುತ್ತಿದ್ದರೆ, ಮೇಷ್ಟ್ರು ಇನ್ನೊಂದು ಟ್ಯಾಬ್‌ಗೆ ಹೋದ ತಕ್ಷಣ ಚಿತ್ರ ನಿಲ್ಲುತ್ತದೆ. ಹಿನ್ನೆಲೆಗೆ ಸರಿದ ಟ್ಯಾಬ್‌ಗೆ ಬ್ರೌಸರ್ ಆ್ಯನಿಮೇಷನ್ ಫ್ರೇಮ್ ಕೊಡುವುದಿಲ್ಲ. ಮೈಕ್ ಮಾತ್ರ ಓಡುತ್ತಿರುತ್ತದೆ. ಇದು ಸಿಂಕ್ ತೊಂದರೆಯಂತೆ ಕಾಣುತ್ತದೆ, ಆದರೆ ಎಫ್‌ಎಫ್‌ಎಂಪೆಗ್‌ನಿಂದ ಸರಿಯಾಗುವುದಿಲ್ಲ. ಇಲ್ಲದ ಫ್ರೇಮ್ ಎಲ್ಲಿಂದ ತರುವುದು?

ಹಸಿರು, ಬೂದು ಚಿತ್ರಗಳು ನನಗೆ ತುಂಬ ಇಷ್ಟದ ವಿಷಯ, ಯಾಕೆಂದರೆ ಕೆಟ್ಟ ಚಿತ್ರದ ಬಣ್ಣವೇ ಕಾರಣ ಹೇಳಿಬಿಡುತ್ತದೆ. ವಿಡಿಯೋದಲ್ಲಿ ಬಣ್ಣ ಕೆಂಪು, ಹಸಿರು, ನೀಲಿ ಅಂತ ಇರುವುದಿಲ್ಲ. ವೈ ಅಂದರೆ ಬೆಳಕು, ಯು ಮತ್ತು ವಿ ಅಂದರೆ ಬಣ್ಣದ ಎರಡು ಅಂಶ. 8 ಬಿಟ್ ವಿಡಿಯೋದಲ್ಲಿ ಯು, ವಿ ಎರಡೂ 128 ಇದ್ದರೆ ಬಣ್ಣವಿಲ್ಲ ಅಂತ ಅರ್ಥ. ಮೂರೂ ಸೊನ್ನೆ ಇದ್ದರೆ? ಕಪ್ಪು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಲೆಕ್ಕ ಹಾಕಿದರೆ ಕೆಂಪು ಮತ್ತು ನೀಲಿ ಸೊನ್ನೆಗಿಂತ ಕೆಳಗೆ ಹೋಗಿ ಕತ್ತರಿಸಿಕೊಳ್ಳುತ್ತವೆ, ಹಸಿರು ಮಾತ್ರ 135ರ ಆಸುಪಾಸು ಉಳಿಯುತ್ತದೆ. ಹಾಗಾಗಿ ಹಸಿರು ಅಂದರೆ ಯಾರೂ ತುಂಬದ ಖಾಲಿ ಮೆಮೊರಿ. ಡೀಕೋಡರ್ ಬಫರ್ ಕೊಟ್ಟಿದೆ, ಚಿತ್ರ ಇನ್ನೂ ಬಂದಿಲ್ಲ, ನೀವು ಆಗಲೇ ಓದಿದ್ದೀರಿ. ಬೂದು, ಅದರ ಮೇಲೆ ಮಸುಕಾಗಿ ಚಲಿಸುವ ಆಕಾರ ಕಂಡರೆ ಬೇರೆ ಕಥೆ: ಡೀಕೋಡರ್‌ಗೆ ಹಿಂದಿನ ಫ್ರೇಮ್ ಸಿಕ್ಕಿಲ್ಲ, ಬದಲಾವಣೆ ಮಾತ್ರ ಸಿಕ್ಕಿದೆ. ಬೂದು ಹಲಗೆಯ ಮೇಲೆ ಆ ಬದಲಾವಣೆಯನ್ನೇ ಬರೆಯುತ್ತಿದೆ. ಮುಖಗಳು ನೀಲಿ ಆಗಿದ್ದರೆ ಓಪನ್‌ಸಿವಿ ನೀಲಿಯನ್ನು ಮೊದಲು ಇಡುತ್ತದೆ ಅನ್ನುವುದು ಮರೆತು ನೇರವಾಗಿ ಬೇರೆ ಲೈಬ್ರರಿಗೆ ಕೊಟ್ಟಿದ್ದೀರಿ. ಚಿತ್ರ ಓರೆಯಾಗಿ ಜಾರಿದಂತೆ ಕಂಡರೆ ಮೆಮೊರಿಯಲ್ಲಿ ಒಂದು ಸಾಲಿನ ಉದ್ದ, ಅಂದರೆ ಸ್ಟ್ರೈಡ್, ಚಿತ್ರದ ಅಗಲಕ್ಕಿಂತ ಜಾಸ್ತಿ ಇದೆ. ನೀವು ಎರಡೂ ಒಂದೇ ಅಂದುಕೊಂಡಿದ್ದೀರಿ. ಕೆಳಗಡೆ ತೆಳ್ಳನೆ ಹಸಿರು ಪಟ್ಟಿ ಮಾತ್ರ ಇದ್ದರೆ ನಗು ಬರುವಷ್ಟು ಸರಳ: ಎಚ್.264 ಹದಿನಾರು ಹದಿನಾರು ಪಿಕ್ಸೆಲ್ ಚೌಕಗಳಲ್ಲಿ ಕೆಲಸ ಮಾಡುತ್ತದೆ, 1080 ಹದಿನಾರರಿಂದ ಸರಿಯಾಗಿ ಭಾಗವಾಗುವುದಿಲ್ಲ, ಹಾಗಾಗಿ ಒಳಗೆ 1088 ಸಾಲು ಇರುತ್ತದೆ. ಕೊನೆಯ ಎಂಟು ಸಾಲು ಕತ್ತರಿಸಿ ತೋರಿಸಬೇಕು. ನೀವು ಕತ್ತರಿಸಿಲ್ಲ.

ನಿಮ್ಮ ಥಂಬ್‌ನೇಲ್‌ನಲ್ಲಿ ಹೆಚ್ಚಾಗಿ ಆಗಿರುವುದು ಬೂದು ತೊಂದರೆ. ಓಪನ್‌ಸಿವಿಗೆ '300ನೇ ಫ್ರೇಮ್‌ಗೆ ಹೋಗು' ಅಂತ ನೇರ ಹೇಳುತ್ತಿದ್ದೀರಿ ಅಲ್ವಾ? ಸೂಚಿ ಇಲ್ಲದ, ಕೀಫ್ರೇಮ್‌ಗಳು (ಹಿಂದಿನದರ ನೆರವಿಲ್ಲದೆ ಪೂರ್ತಿ ಚಿತ್ರ ಇರುವ ಫ್ರೇಮ್‌ಗಳು) ದೂರ ದೂರ ಇರುವ ವೆಬ್‌ಎಂನಲ್ಲಿ ಆ ಹಾರುವಿಕೆ ಭರವಸೆಯದ್ದಲ್ಲ. ಒಟ್ಟು ಫ್ರೇಮ್ ಎಷ್ಟು ಅಂತ ಕೇಳಿದರೂ ಅದು ಎಣಿಸಿ ಹೇಳಬೇಕಂತಿಲ್ಲ, ಅವಧಿಯಿಂದ ಅಂದಾಜು ಮಾಡಿ ಹೇಳಬಹುದು. ಅವಧಿಯೇ ಇಲ್ಲದ ಫೈಲ್‌ನಲ್ಲಿ ಮೈನಸ್ ಸಂಖ್ಯೆ ಬರುವುದೂ ಉಂಟು. ಮೊದಲು ಫೈಲ್ ಸರಿಪಡಿಸಿ, ಆಮೇಲೆ ಥಂಬ್‌ನೇಲ್ ತೆಗೆಯಿರಿ. ಈ ಕ್ರಮ ಬದಲಿಸಿದರೇ ಅರ್ಧ ತೊಂದರೆ ಹೋಗುತ್ತದೆ.

ಓಪನ್‌ಸಿವಿಯಲ್ಲಿ ವಿಡಿಯೋ ಬರೆಯುವುದೂ ಇದ್ದರೆ ಎಚ್ಚರ. ವಿಡಿಯೋರೈಟರ್‌ಗೆ ಅಳತೆ ಕೊಡುವಾಗ ಅಗಲ ಮೊದಲು, ಎತ್ತರ ಆಮೇಲೆ. ಪೈಥಾನ್‌ನ ನಂಪೈ ಲೈಬ್ರರಿ ಹೇಳುವುದು ಎತ್ತರ ಮೊದಲು. ತಿರುಗಾಮುರುಗಾ ಆದರೆ ಅದು ಎರರ್ ಎಸೆಯುವುದಿಲ್ಲ. ಫ್ರೇಮ್‌ಗಳನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಕೊನೆಗೆ ಎಷ್ಟು ಹೊತ್ತು ಓಡಿಸಿದರೂ ಕೈಗೆ ಸಿಗುವುದು ಪುಟಾಣಿ ಖಾಲಿ ಫೈಲ್. 'ಎಂಪಿ4ವಿ' ಅಂತ ಕೋಡೆಕ್ ಕೊಟ್ಟರೆ ಬರುವುದು ಹಳೆಯ ಎಂಪೆಗ್-4, ಅದು ವಿಎಲ್‌ಸಿಯಲ್ಲಿ ಪ್ಲೇ ಆಗುತ್ತದೆ, ಹೆಚ್ಚಿನ ಬ್ರೌಸರ್‌ಗಳಲ್ಲಿ ಆಗುವುದಿಲ್ಲ. ಎಫ್‌ಎಫ್‌ಎಂಪೆಗ್‌ನ ಒಳಗಿನ ಲೈಬ್ರರಿ ಲಿಬ್‌ಎವಿಕೋಡೆಕ್ ನೇರವಾಗಿ ಬಳಸಿ ಡೀಕೋಡರ್ ಬರೆದವರಿಗೆ ಕೊನೆಯ ಕೆಲವು ಫ್ರೇಮ್ ಸಿಗುವುದಿಲ್ಲ ಅನ್ನುವ ದೂರು ಬರುತ್ತದೆ. ಡೀಕೋಡರ್ ಕ್ರಮ ಸರಿಮಾಡಲು ಕೆಲವು ಫ್ರೇಮ್ ಒಳಗೇ ಹಿಡಿದಿಟ್ಟಿರುತ್ತದೆ. ಪ್ಯಾಕೆಟ್ ಮುಗಿದ ಮೇಲೆ ಒಮ್ಮೆ 'ನಲ್' ಪ್ಯಾಕೆಟ್ ಕಳಿಸಿ, ಮುಗಿಯಿತು ಅನ್ನುವ ತನಕ ಕೇಳುತ್ತಿರಬೇಕು.

ಆಂಡ್ರಾಯ್ಡ್ ಆ್ಯಪ್. ಎಫ್‌ಎಫ್‌ಪ್ರೋಬ್ 'ಮೂವ್ ಆ್ಯಟಮ್ ನಾಟ್ ಫೌಂಡ್' ಅನ್ನುತ್ತಿದೆ ಅಂತ ನೋಡದೇ ಹೇಳಬಲ್ಲೆ. ಎಂಪಿ4ನಲ್ಲಿ ಚಿತ್ರ ಮತ್ತು ಶಬ್ದದ ರಾಶಿ ಒಂದು ಕಡೆ, ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿ ಇನ್ನೊಂದು ಕಡೆ. ಆ ಪಟ್ಟಿಯೇ ಮೂವ್. ಎಲ್ಲ ಮುಗಿದ ಮೇಲೆ 'ಸ್ಟಾಪ್' ಕರೆದಾಗ ಅದನ್ನು ಬರೆಯುತ್ತದೆ. ಬ್ಯಾಟರಿ ಹೋಯಿತು, ಆ್ಯಪ್ ಸತ್ತಿತು ಅಂದರೆ ಪಟ್ಟಿ ಇಲ್ಲ. 800 ಎಂಬಿ ಡೇಟಾ ಇದ್ದರೂ ಯಾರೂ ಓದಲಾರರು. ಪರದೆ ರೆಕಾರ್ಡ್ ಮಾಡುವ ಓಬಿಎಸ್ ಪ್ರೋಗ್ರಾಂನಲ್ಲಿ ನೇರ ಎಂಪಿ4 ಬೇಡ, ಎಂಕೆವಿಯಲ್ಲಿ ರೆಕಾರ್ಡ್ ಮಾಡಿ ಅಂತ ಹೇಳುತ್ತಾ ಬಂದಿರುವುದು ಇದೇ ಕಾರಣಕ್ಕೆ. ನಿಮ್ಮ ಆ್ಯಪ್‌ನಲ್ಲಿ ಉದ್ದದ ಪಾಠವನ್ನು ಒಂದೇ ಫೈಲ್ ಮಾಡಬೇಡಿ. ಆಂಡ್ರಾಯ್ಡ್ 8ರಿಂದ ಮೀಡಿಯಾರೆಕಾರ್ಡರ್‌ಗೆ ಮುಂದಿನ ಫೈಲ್ ಯಾವುದು ಅಂತ ಮೊದಲೇ ಹೇಳಿಡಬಹುದು, ಗಾತ್ರದ ಮಿತಿ ತುಂಬಿದಾಗ ಅದು ತಾನೇ ಹೊಸದಕ್ಕೆ ಹೋಗುತ್ತದೆ. ಕೆಟ್ಟರೆ ಕೊನೆಯ ತುಂಡು ಮಾತ್ರ ಕೆಡುತ್ತದೆ. ಶುರು ಮಾಡಿದ ಕೂಡಲೇ ನಿಲ್ಲಿಸಿದರೆ 'ಸ್ಟಾಪ್' ರನ್‌ಟೈಮ್ ಎಕ್ಸೆಪ್ಷನ್ ಎಸೆಯುತ್ತದೆ, ಅದನ್ನು ಹಿಡಿದು ಆ ಫೈಲ್ ಅಳಿಸಿಬಿಡಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಸರ್ವರ್‌ನಲ್ಲಿ ನಾನು ಹಾಕುವುದು ಒಂದೇ ಮೆಟ್ಟಿಲು. ಯಾವ ಫೋನ್‌ನಿಂದ, ಯಾವ ಬ್ರೌಸರ್‌ನಿಂದ ಏನೇ ಬರಲಿ, ಮೂಲ ಫೈಲನ್ನು ಮುಟ್ಟದೆ ಒಂದು ಕಡೆ ಇಡಿ. ಅದರಿಂದ ಮಕ್ಕಳಿಗೆ ತೋರಿಸಲು ಇನ್ನೊಂದು ಮಾಡಿ: ಎಂಪಿ4, ಎಚ್.264, ಎಎಸಿ, ಸೆಕೆಂಡಿಗೆ ಸ್ಥಿರವಾಗಿ 30 ಫ್ರೇಮ್, ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ. ಆ ಫಾರ್ಮ್ಯಾಟ್‌ಗೆ ಅಗಲ, ಎತ್ತರ ಎರಡೂ ಸಮ ಸಂಖ್ಯೆ ಇರಬೇಕು, ಇಲ್ಲದಿದ್ದರೆ ಎಚ್.264 ಎನ್‌ಕೋಡರ್ ಆದ ಎಕ್ಸ್264 'ಎರಡರಿಂದ ಭಾಗವಾಗುವುದಿಲ್ಲ' ಅಂತ ನಿಂತುಬಿಡುತ್ತದೆ. ಪರದೆಯ ಒಂದು ಭಾಗ ಮಾತ್ರ ರೆಕಾರ್ಡ್ ಮಾಡಿದವರ ಫೈಲ್‌ಗಳು ಇಲ್ಲಿ ಸಿಕ್ಕಿಕೊಳ್ಳುತ್ತವೆ. ಕೊನೆಗೆ 'ಫಾಸ್ಟ್‌ಸ್ಟಾರ್ಟ್' ಕೊಡಿ, ಅದು ಆ ಮೂವ್ ಪಟ್ಟಿಯನ್ನು ಫೈಲ್‌ನ ಮುಂದಕ್ಕೆ ತರುತ್ತದೆ, ನೆಟ್ ನಿಧಾನ ಇದ್ದರೂ ಪಾಠ ಬೇಗ ಶುರುವಾಗುತ್ತದೆ. ಎಚ್.264 ಬಂದದ್ದು 2003ರಲ್ಲಿ, ಹಳೆಯದು ಅಂತ ಮೂಗು ಮುರಿಯುವವರು ಇದ್ದಾರೆ. ಹಳೆಯದಾಗಿರುವುದೇ ನಿಮಗೆ ಲಾಭ. ಮಕ್ಕಳ ಕೈಯಲ್ಲಿರುವ ಅಗ್ಗದ ಫೋನ್‌ಗೂ ಅದನ್ನು ಡೀಕೋಡ್ ಮಾಡುವ ಹಾರ್ಡ್‌ವೇರ್ ಇರುತ್ತದೆ.

ಪ್ಲೇಯರ್ ಕಡೆ ಒಂದು ಸಣ್ಣ ಕೆಲಸ ಬಾಕಿ. ವಿಡಿಯೋ ಎರರ್ ಆದಾಗ ಬ್ರೌಸರ್ ಒಂದರಿಂದ ನಾಲ್ಕರ ತನಕ ಒಂದು ಸಂಖ್ಯೆ ಕೊಡುತ್ತದೆ. ಎರಡು ಅಂದರೆ ನೆಟ್‌ವರ್ಕ್, ಮೂರು ಅಂದರೆ ಡೀಕೋಡ್, ನಾಲ್ಕು ಅಂದರೆ ಈ ಟೈಪ್ ಆಗುವುದಿಲ್ಲ ಇಲ್ಲವೇ ಫೈಲೇ ಸಿಗಲಿಲ್ಲ. ಅದನ್ನು, ಜೊತೆಗೆ ಬರುವ ಸಂದೇಶವನ್ನು ನಿಮ್ಮ ಸರ್ವರ್‌ಗೆ ಕಳಿಸಿಕೊಳ್ಳಿ. 'ಏನೋ ತಪ್ಪಾಗಿದೆ' ಅಂತ ತೋರಿಸಿ ಸುಮ್ಮನಾಗಬೇಡಿ. 'ಪ್ಲೇ' ಕರೆದದ್ದೇ ನಿರಾಕರಣೆ ಆಗಿದ್ದರೆ ಅದು ಫೈಲ್‌ನ ತಪ್ಪಲ್ಲ, ಬಳಕೆದಾರರು ಒತ್ತದೆ ಶಬ್ದದ ಜೊತೆ ತಾನೇ ಶುರುವಾಗಲು ಬ್ರೌಸರ್ ಬಿಡುತ್ತಿಲ್ಲ.

ಈಗಾಗಲೇ ಕೆಟ್ಟು ಕೂತಿರುವ ಪಾಠಗಳನ್ನು ಅಳಿಸಬೇಡಿ. ಅವಧಿ ಮಾತ್ರ ಇಲ್ಲದವು 'ಕಾಪಿ' ಇಂದ ಸರಿಯಾಗುತ್ತವೆ. ಮೂವ್ ಇಲ್ಲದ ಎಂಪಿ4ಗೆ ಅನ್‌ಟ್ರಂಕ್ ಅನ್ನುವ ಉಚಿತ ಸಾಧನ ಇದೆ. ಅದೇ ಫೋನ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಒಂದು ಒಳ್ಳೆ ಫೈಲ್ ಜೊತೆಗೆ ಕೊಟ್ಟರೆ ಅದನ್ನು ನೋಡಿ ಪಟ್ಟಿ ಮತ್ತೆ ಕಟ್ಟಲು ಪ್ರಯತ್ನಿಸುತ್ತದೆ, ಎಲ್ಲ ಸಲ ಅಲ್ಲದಿದ್ದರೂ ಹಲವು ಸಲ ಗೆಲ್ಲುತ್ತದೆ. ಮೊದಲ ಚೂರು ಕಳೆದುಹೋದ ವೆಬ್‌ಎಂಗೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅದೇ ಬ್ರೌಸರ್‌ನಲ್ಲಿ ಆದ ಇನ್ನೊಂದು ರೆಕಾರ್ಡಿಂಗ್‌ನ ಮೊದಲ ಚೂರನ್ನು ಮುಂದೆ ಜೋಡಿಸಿ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು ನೋಡಿ. ಶುರುವಿನಲ್ಲಿ ಬೇರೆ ಪಾಠದ ಒಂದೆರಡು ಸೆಕೆಂಡ್ ಬರುತ್ತದೆ, ಕತ್ತರಿಸಿದರಾಯಿತು. ನಡುವಿನ ಚೂರು ಹೋಗಿದ್ದರೆ ಎಫ್‌ಎಫ್‌ಎಂಪೆಗ್ ಮುಂದಿನ ಸರಿಯಾದ ಜಾಗ ಹುಡುಕಿ ಮುಂದುವರಿಯುತ್ತದೆ. ಆದರೆ ಆ ಚೂರಿನಲ್ಲಿದ್ದ ಪಾಠ ವಾಪಸ್ ಬರುವುದಿಲ್ಲ. ಅವುಗಳ ಪಟ್ಟಿ ಮಾಡಿ ಮೇಷ್ಟ್ರುಗಳಿಗೆ ಫೋನ್ ಮಾಡಿ, ಅಷ್ಟು ಭಾಗ ಇನ್ನೊಮ್ಮೆ ರೆಕಾರ್ಡ್ ಮಾಡಿಕೊಡಿ ಅಂತ ಕೇಳಿ. ಆದರೆ ಅದಕ್ಕೂ ಮೊದಲು ಆ 413 ಸರಿಮಾಡಿರಿ.